ಬಲೆಯೊಳಗೆ ನಾನು ಮತ್ತು ಅತ್ತೆ

ಐವರ್ನಾಡಿನಲ್ಲಿ ಡಿಸೆಂಬರಿನ ಬೆಳಗ್ಗೆ ಕೋಳಿಮರಿಗಳು ಚಳಿಗೆ ನಡುಗುತ್ತವೆ. ಹಾಗೆಂದು ಬಿಸಿಲಿಗೆ ಬಿಟ್ಟರೆ ಗಿಡುಗ ಕಾದಿರುತ್ತದೆ. ಮೂರು ಮರಿಗಳನ್ನು ಕಳೆದುಕೊಂಡ ಮೇಲೆ, ನಾದಿನಿ ಮಲ್ಪೆಯಿಂದ ತಂದುಕೊಟ್ಟ ಹಳೆಯ ಮೀನಿನ ಬಲೆಯನ್ನು ಅಂಗಳಕ್ಕೆ ಚಪ್ಪರದ ಹಾಗೆ ಕಟ್ಟಲು ನಾನೂ ಅತ್ತೆಯೂ ಹೊರಟೆವು.

ಎರಡು ಮೂಲೆ ಕಟ್ಟಿದ್ದೆವಷ್ಟೇ, ಗಿಡುಗ ಎರಗಿತು. "ಹೋ... ಹೋ!" ಎಂದು ಕೂಗುತ್ತಾ ಅತ್ತೆ ಮರಿಗಳ ಕಡೆ ಓಡಿದರು. ಬಲೆ ಅವರ ಕಾಲಿಗೆ ಸುತ್ತಿಕೊಂಡಿತು. ಹಿಡಿಯಲು ಹೋದ ನಾನೂ ಅವರ ಪಕ್ಕದಲ್ಲೇ ಉರುಳಿದೆ. ಗಿಡುಗವೇನೋ ಬೆದರಿ ತೆಂಗಿನ ಮರ ಸೇರಿತು. ತಾಯಿಕೋಳಿ ಮಾತ್ರ ನಮ್ಮನ್ನೇ ಕಳ್ಳರೆಂದುಕೊಂಡು ನನ್ನ ಕಾಲಿಗೆ ಕುಕ್ಕಿತು.

"ಬಿಡಿಸು ಮಾರಾಯ್ತಿ!" ಅಂದರು ಅತ್ತೆ. ಬಿಡಿಸಿದಷ್ಟೂ ಸಿಕ್ಕು ಬಿಗಿಯಾಯಿತು. ನನಗೆ ನಗು ತಡೆಯಲಾಗಲಿಲ್ಲ. "ನಗುದೆಂತ?" ಎಂದು ಗದರಿದವರು ಮರುಕ್ಷಣ ತಾವೂ ಕಿಸಕ್ಕನೆ ನಕ್ಕರು. ಮದುವೆಯಾದ ಒಂಬತ್ತು ವರ್ಷದಲ್ಲಿ ಅವರು ಹಾಗೆ ಕಣ್ಣೀರು ಬರುವಷ್ಟು ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಅಷ್ಟರಲ್ಲಿ ಮೀನು ಮಾರುವವನ ಸ್ಕೂಟರ್ ಬಂತು.

"ಎಂತ ಅಮ್ಮಾ, ಇವತ್ತು ನಿಮ್ಮ ಬಲೆಯಲ್ಲೇ ದೊಡ್ಡ ಮೀನು ಉಂಟಲ್ಲ?"

"ತಮಾಷೆ ಆಮೇಲೆ ಮಾರಾಯ, ಮೊದಲು ಕತ್ತಿ ತಾ!"

ಅವನು ಬಲೆ ಕೊಯ್ದು ನಮ್ಮನ್ನು ಬಿಡಿಸಿದ. ಮರಿಗಳನ್ನು ಎಣಿಸಿದರೆ ಒಂದು ಕಡಿಮೆ. ನನ್ನ ನಗು ನಿಂತಿತು. ಅತ್ತೆ ಮೆಲ್ಲಗೆ ಸೆರಗು ಸರಿಸಿದರು. ಮಡಿಲಲ್ಲಿ ಬೆಚ್ಚಗೆ ಕೂತಿದ್ದ ಮರಿ ಚಿಂವ್ ಎಂದಿತು. ತಾಯಿಕೋಳಿ ಎಷ್ಟು ಕರೆದರೂ ಅದು ಇಳಿಯಲು ಒಪ್ಪಲೇ ಇಲ್ಲ.