ಲಾರಿಯ ಬೆನ್ನಿನ ಸಾಲ ಅಳಿಸುವ ಜಡೆಪ್ಪ

ಕತೆ ಹೇಳುವ ಈ ಮುದುಕನಿಗೆ ಮರೆವು, ಊರು ಹೆಸರು ಕಲಸಿ ಹೇಳುತ್ತಾನೆ ಅಂತ ಹಲ್ಲು ಕಿರಿಯುವವರು ಸ್ವಲ್ಪ ಬಾಯಿ ಮುಚ್ಚಿಕೊಂಡು ಕೇಳಬೇಕು. ನಿನ್ನೆ ಏನು ಉಂಡಿರಿ ಅಂದರೆ ತಲೆ ಕೆರೆದುಕೊಳ್ಳುವವರು ಇನ್ನೊಬ್ಬರ ನೆನಪನ್ನು ತೂಗಲು ಬರುತ್ತೀರಿ! ಇದು ಎರಡು ಸಾವಿರದ ಒಂಬತ್ತನೇ ಇಸವಿ, ಹೊಸಪೇಟೆಯ ಸಂಡೂರು ರಸ್ತೆ, ಪೇಂಟರ್ ಜಡೆಪ್ಪನ ಕತೆ. ಒಂದಕ್ಷರವೂ ಆಚೀಚೆ ಇಲ್ಲ.

ಬೆಳಗಿನ ಐದೂವರೆ. ಅದಿರು ಲಾರಿಗಳು ಸಾಲುಗಟ್ಟಿ ನಿಂತಿವೆ. ಅದಿರಿನ ಧೂಳಿಗೆ ಬೇವಿನ ಎಲೆಯೂ ಕೆಂಪು, ಅದರಡಿ ಮಲಗಿದ ನಾಯಿಯೂ ಕೆಂಪು. ಜಡೆಪ್ಪ ಒಂದು ಟಿಪ್ಪರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಧೂಳು ಒರೆಸುತ್ತಿದ್ದಾನೆ. ದಿನಕ್ಕೆ ಹತ್ತು ಹನ್ನೆರಡು ನಂಬರ್ ಪ್ಲೇಟು, ಮೂರೋ ನಾಲ್ಕೋ ದೇವರ ಹೆಸರು. ದಾರ ಹಿಡಿಯುವುದಿಲ್ಲ, ಸ್ಕೇಲು ಮುಟ್ಟುವುದಿಲ್ಲ. ಆದರೂ ಅಕ್ಷರ ಅಕ್ಷರದ ನಡುವೆ ಕೂದಲೆಳೆಯ ವ್ಯತ್ಯಾಸ ಸಿಗುವುದಿಲ್ಲ. ಓದಿದ್ದು ನಾಲ್ಕನೇ ಕ್ಲಾಸು.

ಸಾಲದ ಲಾರಿಯ ಮೈಮೇಲೆ ಸಾಲ ಕೊಟ್ಟವರ ಹೆಸರು ಬರೆಯುವುದು ಪದ್ಧತಿ. ಸಾಲ ತೀರಿದ ದಿನ ಅದನ್ನು ಅಳಿಸುವವನೂ ಜಡೆಪ್ಪನೇ. ಬಾಕಿಯಿಲ್ಲವೆಂಬ ಪತ್ರ ತೋರಿಸದೆ ಅವನು ಬಣ್ಣ ಕರಗಿಸುವ ಥಿನ್ನರ್ ಡಬ್ಬಿಯ ಮುಚ್ಚಳ ತೆಗೆಯುವುದಿಲ್ಲ. ಪತ್ರದ ನಂಬರು, ತಾರೀಖು ನೋಟ್‌ಬುಕ್ಕಿಗೆ ಇಳಿಸುತ್ತಾನೆ. ಅಳಿಸಿದ ಮೇಲೆ ಆ ಜಾಗದ ಮೇಲೆ ಉಗುರು ಎಳೆದು ನೋಡುತ್ತಾನೆ, ಉಗುರಿಗೆ ಬಣ್ಣ ಹತ್ತಬಾರದು.

ಆ ದಿನ ಮೊದಲ ಬಸ್ಸಿಗೆ ಎಮ್ಮಿಗನೂರಿನ ಎರ್ರೆಮ್ಮ ಬಂದು ಎದುರಿಗೆ ನಿಲ್ಲುತ್ತಾಳೆ. ಹೆಣ್ಣಿನ ಹೆಸರಲ್ಲಿದ್ದರೆ ಲಾರಿಗೆ ಲಕ್ಷ್ಮಿ ಒಲಿಯುತ್ತಾಳೆ ಅಂತ ಅವಳ ತಮ್ಮ ಕಾಳಪ್ಪ ಅಕ್ಕನ ಹೆಸರಲ್ಲಿ ಟಿಪ್ಪರು ತೆಗೆದಿದ್ದ. ಎರ್ರೆಮ್ಮ ಸಹಿ ಹಾಕಿದ್ದಷ್ಟೇ, ಒಂದು ದಿನ ಅದನ್ನು ಹತ್ತಿದವಳಲ್ಲ. ಸಾಲ ತೀರಿ, ಜಡೆಪ್ಪ ಹೆಸರು ಅಳಿಸಿ ಎರಡು ವರ್ಷ, ಟಿಪ್ಪರು ಮಾರಿಯೂ ಆಗಿದೆ. ಈಗ ಅವಳು ಊರಲ್ಲಿ ಹಿಟ್ಟಿನ ಗಿರಣಿ ಹಾಕಬೇಕು. ಬ್ಯಾಂಕು ಸಾಲ ಕೊಡುವುದಿಲ್ಲ ಅಂದಿದೆ.

"ಎಂಥ ಅಳಿಸಾಂವ ಲೇ ನೀನು? ಯಾರ ಸಾಲ ಎಷ್ಟೈತಿ ಅಂತ ಬ್ಯಾಂಕಿನೋರಿಗೆ ಲೆಕ್ಕ ಕೊಡೋ ಮುಂಬೈ ಕಂಪನಿ ಕಾಗದದಾಗ ಟಿಪ್ಪರಿನ ಸಾಲ ಇನ್ನೂ ಐತಂತ! ಮ್ಯಾಲೆ ಇಬ್ರು ಬೈಕಿನ್ಯಾಗ ಬಂದು ನಮ್ಮ ಕಟ್ಟಿಮ್ಯಾಲೆ ಕುಂತು ಸಾಲ ಕಟ್ಟು ಅಂತ ಓಣಿಗೆಲ್ಲ ಕೇಳೋಹಂಗ ಒದರ್ತಾರ."

"ಸಾಲ ತೀರಿದ ಪತ್ರ ಎಲ್ಲೈತಿ ಯಕ್ಕಾ?"

"ಕಾಳಪ್ಪನ್ನ ಕೇಳಿದ್ರ ಇಲಿ ತಿಂದಾವು ಅಂತಾನ. ಇಲೀಗಾದ್ರೂ ಹೊಟ್ಟಿ ತುಂಬ್ತು."

ಜಡೆಪ್ಪನ ಮುಖ ಸಣ್ಣದಾಗುತ್ತದೆ. ಇಪ್ಪತ್ತು ವರ್ಷದ ಕಸುಬಿನಲ್ಲಿ ಅವನು ಅಳಿಸಿದ್ದು ಮತ್ತೆ ಎದ್ದು ಕೂತದ್ದು ಇದೇ ಮೊದಲು. ನೋಟ್‌ಬುಕ್ಕು ತಿರುವುತ್ತಾನೆ. ಇದೆ! ಟಿಪ್ಪರಿನ ನಂಬರು, ಪತ್ರದ ನಂಬರು, ತಾರೀಖು.

"ಅವ್ರು ಮತ್ತ ಬಂದ್ರ ಅಂಜಬ್ಯಾಡ ಯಕ್ಕಾ. ನಿಮ್ಮನ್ನ ಕಳಿಸೀವಿ ಅಂತ ಸಾಲ ಕೊಟ್ಟೋರು ಬರ್ದ ಪತ್ರ ತೋರಸ್ರಿ, ನಿಮ್ಮ ಗುರುತಿನ ಚೀಟಿ ತೋರಸ್ರಿ ಅನ್ನು. ಮುಂಬೈ ಕಾಗದದಾಗ ತಪ್ಪಿದ್ರ ತಿದ್ದಿಸೋ ಹಕ್ಕು ನಿಂದು."

"ಇದೆಲ್ಲ ನಿನಗ್ಯಾರು ಹೇಳಿದ್ರು, ವಕೀಲಪ್ಪಾ?"

"ಸಂಡೂರಾಗ ಬ್ಯಾಂಕಿನ ಗೋಡಿಮ್ಯಾಲೆ ಗ್ರಾಹಕರ ಹಕ್ಕಿನ ಬೋರ್ಡು ಬರ್ದಾಂವ ನಾನ. ಮೂರು ದಿನ ಹಿಡೀತು. ಅದನ್ನ ಪೂರಾ ಓದಿದಾಂವನೂ ನಾನೊಬ್ಬನ ಇರಬೇಕು."

ಅವತ್ತಿನ ಕೂಲಿ ಬಿಟ್ಟು ಜಡೆಪ್ಪ ಎರಡು ಅರ್ಜಿ ಬರೆಯುತ್ತಾನೆ, ಒಂದು ಮುಂಬೈಗೆ, ಒಂದು ಸಾಲ ಕೊಟ್ಟ ಫೈನಾನ್ಸಿಗೆ. ಇಂಗ್ಲಿಷ್ ಒಕ್ಕಣೆ ಎಸ್‌ಟಿಡಿ ಬೂತಿನವರದು, ಅಕ್ಷರ ಇವನದು. ಪೆನ್ನು ಕೈಗೆ ಒಗ್ಗುವುದಿಲ್ಲ, ಸಣ್ಣ ಬ್ರಷ್ಷೇ ಬೇಕು. ಸಾಲ ತೀರಿದೆ ಎಂಬ ಸಾಲು ಮಾತ್ರ ಕೆಂಪು, ಅದಕ್ಕೊಂದು ಕಪ್ಪು ನೆರಳು. ಲಾರಿಯ ಹಣೆಗೆ ದೇವರ ಹೆಸರು ಬರೆಯುವಾಗ ಕೊಡುವ ನೆರಳದು. ಅಂಥ ಅರ್ಜಿ ಆ ಕಚೇರಿಗಳ ಜನ ಜನ್ಮದಲ್ಲಿ ಕಂಡಿರಲಾರರು. ಕೆಳಗೆ ಎರ್ರೆಮ್ಮನ ಸಹಿ, ಮೇಲೆ ರಿಜಿಸ್ಟರ್ಡ್ ಪೋಸ್ಟು.

ಮೂರನೇ ದಿನ ಬೈಕಿನವರು ಕಟ್ಟೆಗೆ ಹಾಜರ್. ಎರ್ರೆಮ್ಮ ಕಸಬರಿಗೆ ಹಿಡಿದು ಹೊರಗೆ ಬರುತ್ತಾಳೆ.

"ಪತ್ರ ತೋರಸ್ರಿ."

"ಎಂಥ ಪತ್ರ ಲೇ ಮುದುಕಿ?"

"ಲೇ ಗೀ ಅನಬ್ಯಾಡ. ಗುರುತಿನ ಚೀಟಿ ಐತೋ ಇಲ್ಲೋ?"

ಒಬ್ಬ ಕಿಸೆ ತಡಕುತ್ತಾನೆ. ಇನ್ನೊಬ್ಬ ಬೈಕಿನ ಕೀಲಿ ಹುಡುಕುತ್ತಾನೆ.

"ಹಂಗಾದ್ರ ಕಟ್ಟಿ ಇಳೀರಿ, ಕಸ ಹೊಡೀಬೇಕು."

ಇಳಿದವರು ಮತ್ತೆ ಹತ್ತಲಿಲ್ಲ.

ಪತ್ರದ ನಂಬರು ತಾಳೆಯಾಗಿ ಫೈನಾನ್ಸಿನವರು ನಕಲು ಕೊಡುತ್ತಾರೆ. ನಲವತ್ತು ದಿನಕ್ಕೆ ಮುಂಬೈಯಿಂದ ತಿದ್ದಿದ ಕಾಗದ ಬರುತ್ತದೆ. ಬಾಕಿ ಸೊನ್ನೆ. ಎರ್ರೆಮ್ಮ ಅದನ್ನು ಜಡೆಪ್ಪನ ಕೈಗಿಡುತ್ತಾಳೆ. ಅವನು ಆ ಸೊನ್ನೆಯ ಮೇಲೆ ಉಗುರು ಎಳೆದು, ಉಗುರನ್ನು ಬೆಳಕಿಗೆ ಹಿಡಿದು ನೋಡುತ್ತಾನೆ.

"ಈಗ ಹೋತು ನೋಡಕ್ಕ."

ಬ್ಯಾಂಕು ಸಾಲ ಕೊಡುತ್ತದೆ, ಗಿರಣಿ ತಿರುಗುತ್ತದೆ. ಅಲ್ಲಿಂದೀಚೆಗೆ ಜಡೆಪ್ಪ ಥಿನ್ನರ್ ಡಬ್ಬಿ ತೆಗೆಯುವ ಮುಂಚೆ ಪ್ರತಿಯೊಬ್ಬರಿಗೂ ಹೇಳುವುದು ಒಂದೇ: "ಇಲ್ಲೀದು ನಾ ಅಳಸ್ತೀನಿ, ಮುಂಬೈದು ನೀವು ಅಳಿಸ್ಕೊಳ್ರಿ. ಅರ್ಜಿ ಬರ್ಕೊಡ್ತೀನಿ." ನೂರಾ ಹದಿನಾಲ್ಕು ಅರ್ಜಿ ಆಗಿವೆ. ಒಂದಕ್ಕೂ ರೊಕ್ಕ ಮುಟ್ಟಿಲ್ಲ. ಏನು ಬೇಕಪ್ಪ ನಿನಗೆ ಅಂದರೆ ಬ್ರಷ್ಷು ಒರೆಸುತ್ತ ಹೇಳುತ್ತಾನೆ: "ಸಂಡೂರಿನ ಬೋರ್ಡು ನಾಕು ಮಂದಿ ನಿಂತು ಓದಿದ್ರ ಸಾಕ್ರಿ."

ಸಂಡೂರಿಗೆ ಹೋದವರು ನಿಂತು ಓದಿ. ಹೋಗದವರು ತಮ್ಮನಿಗೋ ಭಾವನಿಗೋ ಅಂತ ಎಲ್ಲೋ ಸಹಿ ಹಾಕಿ ಮರೆತಿರುವ ಅಕ್ಕಂದಿರಿಗೆ ಈ ಕತೆ ಮುಟ್ಟಿಸಿ. ಜಡೆಪ್ಪ ಅನ್ನುವ ಹೆಸರು ಮಾತ್ರ ಬಿಡಬೇಡಿ.