ಹೆಸರಿನಲ್ಲೇ ವೈರವಿದ್ದ ಅಣು

ಈಚೆಗೊಂದು ಬೆಳಿಗ್ಗೆ ಚಳ್ಳಕೆರೆಯ ನಮ್ಮ ಮನೆಯ ನಲ್ಲಿ ತಿರುಗಿಸಿದಾಗ ಬ್ಲೀಚಿಂಗ್ ಪೌಡರಿನ ಘಾಟು ಮೂಗಿಗೆ ಹೊಡೆಯಿತು. ಅದರ ಹಿಂದೆಯೇ ನಮ್ಮ ಕಾಲೇಜಿನ ಜೀವಶಾಸ್ತ್ರ ವಿಭಾಗದ ಮುಖ್ಯಸ್ಥರು ನೆನಪಾದರು. ಅವರನ್ನು ನೆನೆಯಲು ಇದಕ್ಕಿಂತ ಒಳ್ಳೆಯ ಪರಿಮಳ ಬೇಕಿಲ್ಲ.

ಅವರ ಕೈಕೆಳಗೆ ನಾನು ಬಹಳ ವರ್ಷ ಉಪನ್ಯಾಸಕನಾಗಿದ್ದೆ. ಸೂಕ್ಷ್ಮದರ್ಶಕದೊಳಗೆ ಅವರು ಕಣ್ಣಿಟ್ಟದ್ದನ್ನು ನಾನು ಕಂಡಿಲ್ಲ. ಅದರ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡದ್ದನ್ನು ಮಾತ್ರ ಕಂಡಿದ್ದೇನೆ.

ಒಂದು ವರ್ಷ ಕೊಂಡ್ಲಹಳ್ಳಿ ಕಡೆಯ ಕೆರೆಯೊಂದು ಕಡುಹಸಿರಾಗಿತ್ತು. ಅದರಲ್ಲಿ ಮೀನುಮರಿ ಬಿಟ್ಟಿದ್ದ ಹೆಂಗಸೊಬ್ಬಳು ಕಾಲೇಜಿಗೇ ಬಂದಳು. "ನೀರಿಗೆ ಬಣ್ಣ ಕದಡಿದಂಗೆ ಆಗೈತೆ ಸಾರ್. ನಮ್ ಮೀನು ಉಳೀತಾವೇನ್ರಿ?" ಎಂದಳು. ಮುಖ್ಯಸ್ಥರು ನನ್ನತ್ತ ಬೆರಳು ತೋರಿಸಿ ಚಹಾ ಕುಡಿಯಲು ಹೋದರು.

ನಾನು ಹೋಗಿ ನೋಡಿದೆ. ಕೆರೆಯ ಒಂದು ಮೂಲೆಯಲ್ಲಿ ನೀರು ಆಗಲೇ ತಿಳಿಯಾಗತೊಡಗಿತ್ತು. ಆ ಮೂಲೆಯ ನೀರನ್ನು ತಂದು, ಬ್ಯಾಕ್ಟೀರಿಯಾ ಕೂಡ ನುಸುಳಲಾಗದ ಸೋಸುಪದರದಲ್ಲಿ ಸೋಸಿ, ಅರ್ಧವನ್ನು ಕುದಿಸಿದೆ. ಹಸಿರು ನೀರಿನ ಎರಡು ಬಾಟಲಿಗಳಲ್ಲಿ ಒಂದಕ್ಕೆ ಕುದಿಸಿದ್ದನ್ನು, ಇನ್ನೊಂದಕ್ಕೆ ಕುದಿಸದೆ ಇದ್ದದ್ದನ್ನು ಬೆರೆಸಿದೆ. ಕುದಿಸಿದ್ದನ್ನು ಬೆರೆಸಿದ ಬಾಟಲಿ ಹಸಿರಾಗಿಯೇ ಉಳಿಯಿತು; ಮತ್ತೊಂದು ಕೆಲವೇ ದಿನಗಳಲ್ಲಿ ತಿಳಿಯಾಯಿತು. ಸೋಸಿದರೂ ನಿಲ್ಲದ, ಕುದಿಸಿದರೆ ಕೆಡುವ ಏನೋ ಒಂದು ಆ ಪಾಚಿಯನ್ನು ಒಡೆಯುತ್ತಿತ್ತು. ಅದು ವೈರಾಣುವೆಂದು ನಾನು ತೀರ್ಮಾನಿಸಿದೆ. ಮನುಷ್ಯರನ್ನೂ ಮೀನನ್ನೂ ಮುಟ್ಟದ, ಆ ಪಾಚಿಯನ್ನಷ್ಟೇ ಹಿಡಿಯುವ ವೈರಾಣು. ಒಡೆದ ಪಾಚಿಯ ಸಾರ ಬ್ಯಾಕ್ಟೀರಿಯಾಗಳಿಗೆ ಆಹಾರ. ಅವು ಇನ್ನೂ ದೊಡ್ಡ ಸೂಕ್ಷ್ಮಜೀವಿಗಳಿಗೆ. ಆ ಜೀವಿಗಳು ಮೀನುಮರಿಗೆ. ಕೆರೆಯಲ್ಲಿ ಒಂದೇ ಜೀವಿ ಅತಿಯಾಗಿ ಮೆರೆದರೆ ಅದನ್ನು ತಗ್ಗಿಸುವ ಏರ್ಪಾಡು ಕೆರೆಯೊಳಗೇ ಇರುತ್ತದೆ. ನಮ್ಮ ವಿಭಾಗದಲ್ಲಿ ಅಂಥ ಏರ್ಪಾಡು ಇರಲಿಲ್ಲ.

ಬಾಟಲಿಗಳನ್ನು ಮುಖ್ಯಸ್ಥರಿಗೆ ತೋರಿಸಬೇಕೆಂದಿದ್ದೆ. ಅಷ್ಟರಲ್ಲಿ ಅವರೇ ಎರಡನ್ನೂ ಚರಂಡಿಗೆ ಸುರಿದಿದ್ದರು. "ಕಾಲೇಜೇನು ಪಾಚಿ ಅಂಗಡೀನೇನ್ರಿ?" ಎಂದರು...

ಕೆರೆಯ ಏರಿಯ ಮೇಲೆ ಊರವರು ಸೇರಿದರು. ನೀರು ತಿಳಿಯಾಗುವವರೆಗೆ ದನಕರುಗಳಿಗೆ ಕುಡಿಸಬೇಡಿ, ಕೆರೆಗೆ ಏನನ್ನೂ ಹಾಕಬೇಡಿ, ವೈರಾಣುಗಳೇ ಪಾಚಿಯನ್ನು ಇಳಿಸುತ್ತಿವೆ ಎಂದು ನಾನು ಹೇಳಿದೆ. ಮುಖ್ಯಸ್ಥರು ಎದ್ದು ನಿಂತರು.

"ಹೆಸರಲ್ಲೇ ವೈರ ಐತಲ್ರೀ! ವೈರಿನ ನೀರಾಗೆ ಇಟ್ಕಂಡು ಮೀನು ಸಾಕ್ತಾರೇನ್ರಿ?"

ಏರಿಗೆ ಏರಿಯೇ ನಕ್ಕಿತು. ಹಿಂದಿನಿಂದ ಒಬ್ಬ, "ಲೇ, ಈ ಮೇಷ್ಟ್ರು ವೈರಿ ಕಡೆ ವಕೀಲ್ರು ಕಣ್ಲೇ!" ಎಂದು ಕೂಗಿದ. ವೈರಾಣು ಎಂಬುದು ವೈರಸ್ ಎಂಬ ಪರಭಾಷೆಯ ಶಬ್ದದ ಸದ್ದಿಗೆ ಹೊಂದುವಂತೆ ಯಾರೋ ಕಟ್ಟಿದ ಕನ್ನಡ ಪದ. ಅದರ ಮೊದಲೆರಡು ಅಕ್ಷರಗಳನ್ನು ಹಿಡಿದು ಆ ಮಹಾನುಭಾವರು ವಿಜ್ಞಾನವನ್ನೇ ಮುಗಿಸಿಬಿಟ್ಟರು. ಅವರು ನಗುವಾಗ ಎಡಗಡೆಯ ಹಲ್ಲಿನ ಸಂದಿಯಲ್ಲಿ ಅಡಿಕೆಯ ಚೂರೊಂದು ಸಿಕ್ಕಿಕೊಂಡಿತ್ತು. ನನಗೆ ಅದೂ ನೆನಪಿದೆ.

ಮಾರನೆಯ ದಿನ ಮುಖ್ಯಸ್ಥರ ಮಾತಿನಂತೆ ಬ್ಲೀಚಿಂಗ್ ಪೌಡರಿನ ಮೂಟೆಗಳು ಬಂದವು, ಕೆರೆಗೆ ಬಿದ್ದವು. ಪಾಚಿ ಬೆಳ್ಳಗಾಯಿತು. ಮೀನುಗಳು ಹೊಟ್ಟೆ ಮೇಲೆ ಮಾಡಿಕೊಂಡು ದಡಕ್ಕೆ ಬಂದವು. ಆ ಹೆಂಗಸು ನೀರಿನಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿದ್ದಳು. "ವೈರಿ ಸತ್ನಂತೆ ಸಾರ್. ಮೀನೂ ಸತ್ವು," ಎಂದಳು. ಅವಳನ್ನು ಮಾತಾಡಿಸಲು ಮುಖ್ಯಸ್ಥರು ಏರಿಯಿಂದ ಕೆಳಗಿಳಿಯಲಿಲ್ಲ. ಬೂಟು ಹೊಸದು.

ಕೆರೆಯನ್ನು ಉಳಿಸಿದ್ದಕ್ಕಾಗಿ ಅವರಿಗೆ ಮೊಳಕಾಲ್ಮುರಿನಲ್ಲಿ ಸನ್ಮಾನವಾಯಿತು. ಅಲ್ಲಿಯ ಮಗ್ಗದ ರೇಷ್ಮೆಯ ಶಲ್ಯ ಹೊದಿಸಿದರು. ಪಾಪ, ನೇಯ್ದವರಿಗೆ ಅದು ಯಾರ ಹೆಗಲೇರುತ್ತದೆಂದು ಗೊತ್ತಿರಲಿಲ್ಲ. ವಂದನಾರ್ಪಣೆಗೆ ನನ್ನನ್ನೇ ನಿಲ್ಲಿಸಿದರು. ನಾನು ಶಾಮಿಯಾನದವರಿಗೂ ಮೈಕಿನವರಿಗೂ ವಂದಿಸಿ ಕುಳಿತೆ.

ಅವರು ತೀರಿಕೊಂಡು ವರ್ಷಗಳಾದವು... ಕಳೆದ ಮಳೆಗಾಲದಲ್ಲಿ ಆ ಕೆರೆ ತುಂಬಿತು, ಮತ್ತೆ ಹಸಿರಾಯಿತೆಂದು ಕೇಳಿ ಹೋದೆ. ಅದೇ ಹೆಂಗಸು ಏರಿಯ ಮೇಲೆ ಸಿಕ್ಕಳು. ತಲೆ ಪೂರಾ ನೆರೆತಿತ್ತು.

"ಯಾರೂ ಏನೂ ಹಾಕ್ಲಿಲ್ರಿ. ತಾನೇ ತಿಳಿ ಆಗ್ತಾ ಐತೆ ನೋಡ್ರಿ," ಎಂದು ನೀರು ತೋರಿಸಿದಳು. ಆಮೇಲೆ ಕೇಳಿದಳು: "ಆ ದೊಡ್ ಮೇಷ್ಟ್ರು ಹೆಂಗವ್ರೆ?"

"ತೀರಿಕೊಂಡರು."

"ಅಯ್ಯೋ ಪಾಪ," ಎಂದಳು. ಮೀನು ಕಳೆದುಕೊಂಡವಳು ಅವಳು; ಮರುಕವೂ ಅವಳದೇ. ನನ್ನ ಬಳಿ ಮರುಕವಿರಲಿಲ್ಲ. ಇದ್ದದ್ದು ಒಂದೇ ವಾಕ್ಯ: "ನೋಡಿ ಸಾರ್, ತಾನೇ ತಿಳಿಯಾಯಿತು." ಅದನ್ನು ಅವರ ಮುಖ ನೋಡಿ ಹೇಳಬೇಕೆಂದು ಇಷ್ಟು ವರ್ಷ ತಿದ್ದಿ ತೀಡಿ ಇಟ್ಟುಕೊಂಡಿದ್ದೆ. ನೀರು ತಿಳಿಯಾದಾಗ ಆ ಮುಖವೇ ಇಲ್ಲ. ಕೇಳಿಸಿಕೊಳ್ಳದೆಯೇ ಹೊರಟುಹೋದರು... ಅದನ್ನೂ ಅವರ ಅಪರಾಧಗಳ ಜೊತೆಗೇ ಸೇರಿಸಿದ್ದೇನೆ.