ಚಿಗವ್ವ ಮಾಡಿಸಿದ ಆಣೆ

ಮೊನ್ನೆ ರಾಯಚೂರಿನ ನಮ್ಮ ಮನೆಯ ಮೆಟ್ಟಿಲು ಹತ್ತುತ್ತಿದ್ದೆ. ಕೆಳಗಿನ ಮನೆಗೆ ಬಾಣಂತಿ ಮಗಳು ಬಂದಿದ್ದಾಳೆ. ಕೂಸಿಗೆ ಎರೆಯಲು ಔಡಲೆಣ್ಣೆ, ಅದೇ ಹರಳೆಣ್ಣೆ, ಬಿಸಿ ಮಾಡುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ಕಂಬಿ ಹಿಡಿದು ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಅರವತ್ತು ದಾಟಿದ, ಜನ್ಮವೆಲ್ಲ ಮಕ್ಕಳಿಗೆ ಪಾಠ ಹೇಳಿ ರಿಟೈರ್ ಆದ ಟೀಚರಮ್ಮ ಎಣ್ಣೆಯ ವಾಸನೆಗೆ ಹೆದರುತ್ತಾಳೆ ಅಂದರೆ ಕೇಳಿದವರು ನಕ್ಕಾರು. ನಗಲಿ ಬಿಡಿ. ನನಗೆ ನೆನಪಾದದ್ದು ನನ್ನ ತವರು ಮಾನ್ವಿಯ ಒಂದು ಮಟಮಟ ಮಧ್ಯಾಹ್ನ, ಮತ್ತು ಪಕ್ಕದ ಮನೆಯ ಚಿಗವ್ವ...

ಚಿಗವ್ವ ಎಂದರೆ ಅವ್ವನ ತಂಗಿಯೇನಲ್ಲ, ನೆರೆಮನೆಯ ಸೊಸೆ. ತವರು ದೇವದುರ್ಗ. ಮದುವೆಯಾಗಿ ಬಂದ ಹೊಸತರಲ್ಲಿ ಆರು ವರ್ಷದ ನನ್ನನ್ನು ಹಿತ್ತಲ ಗೋಡೆಯಿಂದ ಆಚೆಗೆ ಎತ್ತಿಕೊಂಡು, ಇನ್ನು ಮೇಲೆ ನನ್ನನ್ನು ಚಿಗವ್ವ ಅನ್ನಬೇಕು ಅಂತ ಹೇಳಿದಳಂತೆ. ಅವತ್ತಿನಿಂದ ನನ್ನ ಜಡೆ ಆಕೆಯದು, ನನ್ನ ಹೇನೂ ಆಕೆಯದು. ತನ್ನ ಅತ್ತೆ ನಡೆಯುವ ಹಾಗೆ ನಡೆದು ತೋರಿಸಿ ನಗಿಸುತ್ತಿದ್ದಳು. ಅತ್ತೆಯ ಕೆಮ್ಮು ಕೇಳಿಸಿತೋ, ಮರುಕ್ಷಣವೇ ತಲೆ ಮೇಲೆ ಸೆರಗು. ಗಂಡ ಪೋತ್ನಾಳ ರಸ್ತೆಯ ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತ. ತಾಯಿ ಹೇಳಿದ್ದಕ್ಕೂ ಹೂಂ, ಹೆಂಡತಿ ಹೇಳಿದ್ದಕ್ಕೂ ಹೂಂ ಅನ್ನುವ ಮನುಷ್ಯ.

ಏಳು ವರ್ಷವಾದರೂ ಚಿಗವ್ವನಿಗೆ ಮಕ್ಕಳಾಗಲಿಲ್ಲ. ಹಿರೇಕೊಟ್ನೆಕಲ್ಲಿನಲ್ಲಿ ಒಂದು ಹುಡುಗಿ ಇದ್ದಾಳೆ, ಮಗನಿಗೆ ಇನ್ನೊಂದು ಮದುವೆ ಮಾಡಬೇಕು ಎಂದು ಅತ್ತೆ ಬಾವಿಕಟ್ಟೆಯ ಮೇಲೆ ಎಲ್ಲರಿಗೂ ಕೇಳುವಂತೆಯೇ ಮಾತಾಡತೊಡಗಿದ್ದಳು. ಚಿಗವ್ವ ಕೊಡ ತುಂಬಿಕೊಂಡು ಮನೆಗೆ ಬರುತ್ತಿದ್ದಳು.

ನಮ್ಮ ಓಣಿಯಲ್ಲಿ ಬಸಿರು ಗೊತ್ತುಮಾಡಲು ಆಗ ಡಾಕ್ಟರು ಬೇಕಿರಲಿಲ್ಲ. ಮುಟ್ಟಾದ ಹೆಂಗಸು ತಿಂಗಳಿಗೆ ಮೂರು ದಿನ ಹಿತ್ತಲಲ್ಲಿ ಬೇರೆ ಕೂಡಬೇಕು. ಒಲೆ, ನೀರು, ದೇವರು ಯಾವುದನ್ನೂ ಮುಟ್ಟುವಂತಿಲ್ಲ. ಯಾರ ಮನೆ ಸೊಸೆ ಯಾವಾಗ ಹೊರಗೆ ಕೂತಳು, ಯಾವಾಗ ಕೂಡಲಿಲ್ಲ ಅನ್ನುವುದು ಓಣಿಗೆಲ್ಲ ಬಾಯಿಪಾಠ. ಕೂತರೆ ಬಸಿರಿಲ್ಲ, ಕೂಡದಿದ್ದರೆ ಬಸಿರು. ಇಷ್ಟೇ ನಮ್ಮ ಡಾಕ್ಟರಿಕೆ. ಎಪ್ಪತ್ತರ ದಶಕದ ನಡುವಿನ ಆ ವರ್ಷ, ದೀಪಾವಳಿಗೆ ಮುಂಚಿನ ಎರಡು ತಿಂಗಳು ಚಿಗವ್ವ ಹೊರಗೆ ಕೂಡಲಿಲ್ಲ. ಮೂರನೆಯ ತಿಂಗಳೂ ಇಲ್ಲ. ಹೊಟ್ಟೆ ಮುಂದೆ ಬಂತು. ಅತ್ತೆ ಮನೆಮನೆಗೆ ಸಕ್ಕರೆ ಹಂಚಿದಳು. ಹಿರೇಕೊಟ್ನೆಕಲ್ಲಿನ ಹುಡುಗಿಯ ಸುದ್ದಿ ಅಲ್ಲಿಗೇ ನಿಂತಿತು.

ಅದೇ ಚಳಿಗಾಲದಲ್ಲಿ ನಾನು ದೊಡ್ಡವಳಾದೆ. ಹದಿಮೂರು ವರ್ಷ. ನನಗೂ ಹಿತ್ತಲ ವಾಸ ಬಂತು. ಎರಡನೆಯ ಸಲವೋ ಮೂರನೆಯ ಸಲವೋ ಕೂತಿದ್ದಾಗ, ಒಂದು ಮುಂಜಾನೆ ಗೋಡೆಯಾಚೆ ನೀರು ಚೆಲ್ಲಿದ ಸಪ್ಪಳವಾಯಿತು. ಎದ್ದು ಇಣುಕಿದೆ. ಆರು ತಿಂಗಳ ಬಸುರಿ ಚಿಗವ್ವ ಕುಕ್ಕರುಗಾಲಲ್ಲಿ ಕೂತು ಹಳೆ ಸೀರೆಯ ತುಂಡುಗಳನ್ನು ಹಿಂಡುತ್ತಿದ್ದಳು. ನೀರು ಕೆಂಪಗಿತ್ತು. ಹಿಂಡಿ, ಕಟ್ಟಿಗೆಯ ರಾಶಿಯ ಹಿಂದೆ ಯಾರಿಗೂ ಕಾಣದ ಹಾಗೆ ಹರವಿದಳು. ತಿರುಗಿದಾಗ ಆಕೆಗೆ ನಾನು ಕಂಡೆ. ಆಕೆಯ ಮುಖದ ರಕ್ತವೆಲ್ಲ ಇಳಿದುಹೋಯಿತು.

ಗೋಡೆಯ ಹತ್ತಿರ ಬಂದಳು.

“ಯಾರ ಮುಂದನೂ ಹೇಳಬ್ಯಾಡ ಯವ್ವಾ. ಹೇಳಿದ್ಯಂದ್ರ ನನ್ನ ಹೊಟ್ಟ್ಯಾಗಿನ ಕೂಸು ಉಳಿಯಂಗಿಲ್ಲ. ಅದರ ಆಣಿ ಮಾಡು.”

ಮಾಡಿದೆ. ಇನ್ನೇನು ಮಾಡಲಿ? ಆಕೆ ಬೇಡುತ್ತಿದ್ದಳು, ನನಗೆ ಅಳು ಬರುತ್ತಿತ್ತು. ಈಗ ಆಕೆ ಹೊರಗೆ ಕೂತರೆ ಏಳು ವರ್ಷದ ಮೇಲೆ ಬಂದ ಬಸಿರು ಒಂದೇ ದಿನದಲ್ಲಿ ಸುಳ್ಳಾಗುತ್ತಿತ್ತು. ಅದಕ್ಕೇ ಮುಚ್ಚಿಟ್ಟು ಒಳಗೆ ಹೋಗಿ ಒಲೆ ಹಚ್ಚುತ್ತಿದ್ದಳು, ದೇವರಿಗೆ ದೀಪ ಇಡುತ್ತಿದ್ದಳು. ದೇವರು ಸಿಟ್ಟಾದಾನೆಂಬ ಹೆದರಿಕೆ ಆಕೆಗೂ ಇತ್ತು. ನನಗೋ, ಬಸುರಿಗೆ ಹೀಗಾಗುತ್ತದೆಯೇ ಇಲ್ಲವೇ ಅನ್ನುವುದೇ ಗೊತ್ತಿಲ್ಲ. ಕೇಳಬೇಕೆಂದರೆ ಆಣೆ. ನನ್ನ ಬಾಯಿ ತಪ್ಪಿ ಒಂದು ಮಾತು ಬಿದ್ದರೆ ಒಂದು ಕೂಸು ಸಾಯುತ್ತದೆ ಎಂದು ಖರೇ ನಂಬಿದ್ದೆ. ಅವ್ವನ ಕಣ್ಣು ತಪ್ಪಿಸಿ ಓಡಾಡಿದೆ. ಮುಂದಿನ ತಿಂಗಳೂ ಕಟ್ಟಿಗೆಯ ರಾಶಿಯ ಹಿಂದೆ ಅವೇ ತುಂಡುಗಳು ಕಂಡವು.

ಏಳನೆಯ ತಿಂಗಳಲ್ಲಿ ಕುಬಸ ಮಾಡಿದರು. ದೇವದುರ್ಗದಿಂದ ತವರಿನವರು ಹಸಿರು ಸೀರೆ, ಹಸಿರು ಬಳೆ, ಬುತ್ತಿ ತಂದರು. ಐದು ಜನ ಮುತ್ತೈದೆಯರು ಉಡಿ ತುಂಬಿದರು. ಆರತಿಯ ತಟ್ಟೆ ಹಿಡಿದವಳು ನಾನೇ. ತಟ್ಟೆ ಓರೆಯಾಗಿ ಕುಂಕುಮದ ನೀರು ಚೆಲ್ಲಿತು. ನಿದ್ದಿಗೆಟ್ಟಾಳ ಹುಡುಗಿ ಅಂತ ಯಾರೋ ಗದರಿದರು. ಚಿಗವ್ವ ನನ್ನ ಕಡೆ ನೋಡಿ ನಕ್ಕಳು, ಅಷ್ಟು ಚೆಂದ ಆಕೆ ಎಂದೂ ಕಂಡಿರಲಿಲ್ಲ... ನಾನು ಹಿತ್ತಲಿಗೆ ಓಡಿಹೋದೆ.

ಕುಬಸವಾಗಿ ಮೂರು ವಾರವಾಗಿತ್ತೇನೋ. ಬಿಸಿಲಿಗೆ ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಪಕ್ಕದ ಮನೆಯಿಂದ ಕೂಗು ಕೇಳಿಸಿತು. ಹೋಗಿ ನೋಡಿದರೆ ಚಿಗವ್ವ ಪಡಸಾಲೆಯಲ್ಲಿ ಮುದುಡಿ ಬಿದ್ದಿದ್ದಳು. ಮೈಯೆಲ್ಲ ತಣ್ಣನೆಯ ಬೆವರು. ಒಂದೇ ಸಮನೆ ಕಕ್ಕುತ್ತಿದ್ದಳು. ಎಂಟರಲ್ಲೇ ಬ್ಯಾನಿ ಬಂತು ಎಂದು ಅತ್ತೆ ಸೂಲಗಿತ್ತಿಯನ್ನು ಕರೆಸಿದಳು. ಸೂಲಗಿತ್ತಿ ಕೆಟ್ಟವಳಲ್ಲ, ನಮ್ಮ ಓಣಿಯ ಅರ್ಧ ಮಕ್ಕಳು ಆಕೆಯ ಕೈಯಲ್ಲೇ ಬಿದ್ದವು. ಕೂಸು ಅಡ್ಡ ತಿರುಗಿದೆ, ತಿಕ್ಕಿ ಸರಿಮಾಡಬೇಕು ಎಂದಳು. ಔಡಲೆಣ್ಣೆ ಕಾಯಿಸಿ ತರುವ ಕೆಲಸ ನನಗೆ ಬಂತು.

ಎಣ್ಣೆಯ ಬಟ್ಟಲು ಹಿಡಿದು ಒಳಗೆ ಹೋದೆ. ಸೂಲಗಿತ್ತಿ ಮೊಣಕಾಲೂರಿ ಎರಡೂ ಕೈಯಿಂದ ಆ ಹೊಟ್ಟೆಯನ್ನು ಒತ್ತುತ್ತಿದ್ದಳು. ಒಮ್ಮೆ ಒತ್ತಿದರೆ ಚಿಗವ್ವನ ಕಣ್ಣು ಮೇಲೆ ಹೋಗುತ್ತಿತ್ತು. ಆ ಸಂಕಟದಲ್ಲೂ ನನ್ನನ್ನು ನೋಡಿ ತಲೆ ಅಲ್ಲಾಡಿಸಿದಳು, ಹೇಳಬೇಡ ಅಂತ. ಹೇಳಿದರೆ ಕೂಸು ಹೋಗುತ್ತದೆ. ಹೇಳದಿದ್ದರೆ ಈಕೆಯೇ ಹೋಗುತ್ತಾಳೆ, ನನ್ನ ಕಣ್ಣೆದುರಿಗೆ, ಈಗಲೇ. ಬಟ್ಟಲು ಅಲ್ಲೇ ಇಟ್ಟು ನಮ್ಮ ಮನೆಗೆ ಓಡಿದೆ.

“ಅವ್ವಾ, ಚಿಗವ್ವ ಮುಟ್ಟಾಗತಾಳ. ತಿಂಗಳಾ ಆಗತಾಳ. ನಾ ನೋಡೀನಿ.”

ಅವ್ವ ಮೊದಲು ಕಪಾಳಕ್ಕೆ ಒಂದು ಬಾರಿಸಿದಳು. ಆಮೇಲೆ ಹಿಟ್ಟಿನ ಕೈಯಲ್ಲೇ ಪಕ್ಕದ ಮನೆಗೆ ಹೋಗಿ ಸೂಲಗಿತ್ತಿಯ ಕಿವಿಯಲ್ಲಿ ಹೇಳಿದಳು. ಸೂಲಗಿತ್ತಿ ಆ ಹೊಟ್ಟೆಯ ಮೇಲಿಂದ ಕೈ ತೆಗೆದಳು. ಇದು ನನ್ನ ಕೆಲಸ ಅಲ್ಲ, ರಾಯಚೂರಿಗೆ ಒಯ್ಯಿರಿ ಎಂದಳು. ಗಂಡ ಮಿಲ್ಲಿನ ಸಾವ್ಕಾರರ ಜೀಪು ತಂದ. ಹಸಿರು ಬಳೆಯ ಕೈ ಜೋಲುಬಿದ್ದಿದ್ದ ಚಿಗವ್ವನನ್ನು ಕೌದಿಯಲ್ಲಿ ಎತ್ತಿ ಹಾಕಿಕೊಂಡು ಹೋದರು. ಆಮೇಲೆ ಮೂರು ದಿನ ಸುದ್ದಿಯೇ ಇಲ್ಲ. ರಸ್ತೆಯಲ್ಲಿ ಯಾವ ಗಾಡಿ ನಿಂತರೂ ಹೆಣ ತಂದರು ಅಂದುಕೊಳ್ಳುತ್ತಿದ್ದೆ. ನಾನೇ ಕೊಂದೆ, ಇಬ್ಬರನ್ನೂ ಕೊಂದೆ ಎಂದು ಕೌದಿ ಹೊದ್ದು ಅಳುತ್ತಿದ್ದೆ.

ನಾಲ್ಕನೆಯ ದಿನ ಅವ್ವ ನನ್ನನ್ನು ಬಸ್ಸಿನಲ್ಲಿ ರಾಯಚೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಚಿಗವ್ವ ಉಳಿದಿದ್ದಳು. ಹೈದರಾಬಾದ್ ಕಡೆಯ ಒಬ್ಬ ಡಾಕ್ಟರಮ್ಮ ಅತ್ತೆಗೂ ಅವ್ವನಿಗೂ ಬಿಡಿಸಿ ಹೇಳುತ್ತಿದ್ದರು. ಗರ್ಭಚೀಲದ ಎರಡೂ ಬದಿಗೆ ಬಾದಾಮಿ ಗಾತ್ರದ ಅಂಡಾಶಯಗಳಿರುತ್ತವೆ, ಒಮ್ಮೊಮ್ಮೆ ಅದರಲ್ಲಿ ನೀರು ತುಂಬಿ ಗಂಟಾಗುತ್ತದೆ, ಬಹಳಷ್ಟು ಸಲ ಸಣ್ಣದಿದ್ದು ತಾನೇ ಕರಗಿಹೋಗುತ್ತದೆ. ಅದರಿಂದ ಕೆಲವು ತಿಂಗಳು ಮುಟ್ಟು ನಿಂತು ಮತ್ತೆ ಶುರುವಾಗುವುದೂ ಉಂಟು. ಈಕೆಯದು ಯಾರೂ ನೋಡದೆ ಕುಂಬಳಕಾಯಿಯಷ್ಟು ಬೆಳೆದು, ಬುಡದಲ್ಲಿ ತಿರುಚಿಕೊಂಡಿತ್ತು. ಇನ್ನಷ್ಟು ತಿಕ್ಕಿದ್ದರೆ ಒಳಗೇ ಒಡೆಯುತ್ತಿತ್ತು. ಕೂಸು ಇರಲೇ ಇಲ್ಲ. ಒಂದು ಬದಿಯದನ್ನು ತೆಗೆದಿದ್ದೇವೆ, ಇನ್ನೊಂದು ಚೆನ್ನಾಗಿದೆ, ಮಕ್ಕಳಾಗಬಹುದು ಎಂದರು. ತೆಗೆದಿದ್ದೇವೆ ಅನ್ನುವಲ್ಲಿಗೇ ಅತ್ತೆ ಕಿವಿ ಮುಚ್ಚಿಕೊಂಡಳು. ಆಮೇಲಿನದು ಆಕೆಗೆ ಬೇಕಿರಲಿಲ್ಲ.

ಅವ್ವ ನೀರು ತರಲು ಹೋದಾಗ ಚಿಗವ್ವ ಕಣ್ಣು ತೆರೆದಳು. ನೀನೇ ಹೇಳಿದೆಯಾ ಎಂದು ಕೇಳಿದಳು. ಹೂಂ ಎಂದೆ. ಕೂಸು ಇರಲಿಲ್ಲವಂತೆ, ನೀರಿನ ಗಂಟಂತೆ ಎಂದು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಗಡಬಡಿಸಿ ಒಪ್ಪಿಸಿದೆ. ಆಕೆ ಕೇಳಿಸಿಕೊಳ್ಳಲೇ ಇಲ್ಲ.

“ಆಣಿ ಮುರದಿ. ಅದಕ್ಕ ಹೋತು ನನ್ನ ಕೂಸು.”

ಅಷ್ಟು ಹೇಳಿ ಗೋಡೆಯ ಕಡೆ ತಿರುಗಿದಳು. ಹೊಲಿಗೆಯ ನೋವಿಗೆ ಮೈ ಹೊರಳಿಸಲು ಆಗುತ್ತಿರಲಿಲ್ಲ, ಮುಖವೊಂದನ್ನೇ ತಿರುಗಿಸಿದಳು. ಆಸ್ಪತ್ರೆಯಿಂದ ನೇರ ದೇವದುರ್ಗಕ್ಕೆ ಹೋದಳು. ಮಾನ್ವಿಗೆ ಮತ್ತೆ ಕರೆಸಲಿಲ್ಲ. ಆ ವರ್ಷದೊಳಗೇ ಹಿರೇಕೊಟ್ನೆಕಲ್ಲಿನ ಹುಡುಗಿ ಆ ಮನೆ ತುಂಬಿದಳು. ಗಂಡ ಅದಕ್ಕೂ ಹೂಂ ಅಂದ.

ಹತ್ತು ವರ್ಷ ಕಳೆಯಿತು. ನಾನು ಟೀಚರಾಗಿ, ಮದುವೆಯಾಗಿ ದೇವದುರ್ಗದ ಕಡೆಯೇ ಬಿದ್ದೆ. ಬಸಿರಾದಾಗ ಎಲ್ಲರಿಗೂ ಸಂತೋಷ, ನನಗೆ ನಡುಕ. ಇದೂ ಗಂಟೇ ಎಂದು ತಿಂಗಳಿಗೊಮ್ಮೆ ರಾಯಚೂರಿಗೆ ಹೋಗಿ ಡಾಕ್ಟರಮ್ಮನ ಜೀವ ತಿನ್ನುತ್ತಿದ್ದೆ. ಅವರು ಕೊಳವೆಯಿಟ್ಟು ಕೂಸಿನ ಎದೆಬಡಿತ ಕೇಳಿ ಹೇಳಿದರೂ ನಂಬಿಕೆ ಬರುತ್ತಿರಲಿಲ್ಲ. ಕುಬಸವನ್ನಂತೂ ಮಾಡಿಸಿಕೊಳ್ಳಲಿಲ್ಲ. ನನ್ನ ಅತ್ತೆ ಎಷ್ಟು ಬೈದರೂ ಇಲ್ಲ.

ಏಳನೆಯ ತಿಂಗಳಲ್ಲಿ ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಚಿಗವ್ವ ಕಂಡಳು. ಕೂದಲು ಅರ್ಧ ಬೆಳ್ಳಗಾಗಿತ್ತು. ನನ್ನ ಹೊಟ್ಟೆ ನೋಡಿ ದೂರವೇ ನಿಂತಳು. ಮಕ್ಕಳಿಲ್ಲದವಳು ಬಸುರಿಯ ಹತ್ತಿರ ಬರಬಾರದೆಂದು ಆಕೆಗೆ ಅಷ್ಟರಲ್ಲಿ ಜನ ಕಲಿಸಿದ್ದರು. ನಾನೇ ಹೋದೆ. ಬೈಯುತ್ತಾಳೋ ಏನೋ ಅನ್ನುವ ಹೆದರಿಕೆಯಿತ್ತು. ಎಷ್ಟರಲ್ಲಿದೆ ಎಂದು ಮೆಲ್ಲಗೆ ಕೇಳಿದಳು. ಏಳರಲ್ಲಿ ಎಂದು ಹೇಳಿ ಆಕೆಯ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡೆ. ಅದೇ ಗಳಿಗೆಗೆ ಕೂಸು ಜೋರಾಗಿ ಒದೆಯಿತು. ಆಕೆ ಕೈ ಕಿತ್ತುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ತಾನೇ ಮತ್ತೆ ಇಟ್ಟಳು. ಮತ್ತೆ ಒದೆಯಿತು.

“ಹಿಂಗಿರತದೇನು? ನನಗ ಒಂದಿನಾನೂ ಹಿಂಗ ಆಗಿದ್ದಿಲ್ಲಲ್ಲ ಯವ್ವಾ...”

ಆಕೆ ಅಳಲಿಲ್ಲ. ಕಣ್ಣು ಎಲ್ಲೋ ನೆಟ್ಟಿತ್ತು, ತುಟಿ ಏನೋ ಲೆಕ್ಕ ಹಾಕುತ್ತಿರುವ ಹಾಗೆ ಅಲ್ಲಾಡುತ್ತಿತ್ತು. ಆಮೇಲೆ, ಹಂಗಾರ ಖರೇನ ಏನೂ ಇದ್ದಿಲ್ಲ, ಎಂದಳು. ನನಗಲ್ಲ, ತನಗೇ. ಬಸ್ಸು ಬಂತು. ನನ್ನ ತಲೆ ಸವರಿ ಹತ್ತಿದಳು. ಅದೇ ಕೊನೆ.

ಅವತ್ತು ಒದ್ದ ಮಗಳಿಗೂ ಹೋದ ವರ್ಷ ಅಂಥದೇ ಸಣ್ಣ ಗಂಟು ಕಂಡಿತ್ತು. ಸ್ಕ್ಯಾನಿಂಗ್ ಮಾಡಿ, ಮೂರು ತಿಂಗಳು ಬಿಟ್ಟು ಬರ್ರಿ ಅಂದರು. ಬಂದು ನೋಡಿದರೆ ಇರಲಿಲ್ಲ. ಡಾಕ್ಟರು ನಕ್ಕರು, ಮಗಳೂ ನಕ್ಕಳು. ಆ ಮೂರು ತಿಂಗಳು ನಾನು ಹೇಗೆ ಕಳೆದೆ ಅನ್ನುವುದು ನನಗೇ ಗೊತ್ತು.

ಚಿಗವ್ವ ತೀರಿಹೋದ ಸುದ್ದಿ ನನಗೆ ತಿಳಿದದ್ದು ಆಕೆ ಹೋಗಿ ಎಷ್ಟೋ ತಿಂಗಳಾದ ಮೇಲೆ. ನೀನು ಬಾಯಿ ಬಿಟ್ಟದ್ದಕ್ಕೆ ಆಕೆ ಉಳಿದಳು ಎಂದು ಅವ್ವ ಸಾಯುವ ತನಕ ಹೇಳುತ್ತಿದ್ದಳು. ಇರಬಹುದು, ಅದು ನನಗೆ ಸಮಾಧಾನವೇ. ಆದರೆ ಆ ಹತ್ತು ವರ್ಷ, ನನ್ನನ್ನು ಶಪಿಸಿಕೊಂಡಾದರೂ, ಆಕೆಗೆ ಅಂತ ಒಂದು ಕೂಸಿತ್ತು. ಸತ್ತ ಕೂಸು, ಆದರೂ ಆಕೆಯದು. ಬಸ್‌ಸ್ಟ್ಯಾಂಡಿನಲ್ಲಿ ನಾನು ಅದನ್ನೂ ಕಸಿದುಕೊಂಡೆ. ತಪ್ಪಾಯಿತು ಚಿಗವ್ವ ಅನ್ನಬೇಕೆಂದಿದ್ದೆ, ಇವತ್ತು ನಾಳೆ ಅನ್ನುತ್ತ ಆಕೆ ಇದ್ದಷ್ಟು ವರ್ಷ ಹೋಗಲೇ ಇಲ್ಲ.